ಹಿಂದಿನ ಗಾಡಿ ಬರುವ ತನಕ

ನನಗೊಂದು ಚಟವಿದೆ. ಎಲ್ಲೇ ಆಗಲಿ, ಯಾರದೇ ಆಗಲಿ, ಒಂದು ಗಾಡಿ ಹಿಂದಕ್ಕೆ ಬರುತ್ತಿರುವುದು ಕಣ್ಣಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಹಿಂದೆ ಹೋಗಿ ನಿಂತುಬಿಡುತ್ತೇನೆ. "ಬರ್ರಿ, ಬರ್ರಿ, ಜರಾ ಎಡಕ್ಕ ತಗೋರಿ, ಹಾಂ, ಬರ್ರಿ" ಎಂದು ಕೈ ಬೀಸತೊಡಗುತ್ತೇನೆ. ಹಾಲಿನ ವ್ಯಾನು, ಗ್ಯಾಸ್ ಸಿಲಿಂಡರಿನ ಆಟೊ, ನಮ್ಮ ಪ್ರಿನ್ಸಿಪಾಲರ ಕಾರು, ಯಾವುದಕ್ಕೂ ಭೇದವಿಲ್ಲ. ಚಿತ್ತಾಪುರದ ನಮ್ಮ ಓಣಿಯಲ್ಲಿ ಈ ಸೇವೆ ಎಷ್ಟು ಹೆಸರಾಗಿದೆಯೆಂದರೆ, ಮೊನ್ನೆ ಮರಳು ತಂದ ಟಿಪ್ಪರಿನ ಚಾಲಕ ಬಾಗಿಲಿಗೇ ಬಂದು, "ಮೇಡಮ್ಮೋರು ಇದ್ದಾರೇನ್ರಿ? ಗಾಡಿ ಹಿಂದ ತಗೋಬೇಕಾಗ್ಯಾದ" ಎಂದು ಕೇಳಿದ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು. ಅರ್ಥಶಾಸ್ತ್ರ ಬೇಕೆಂದು ಈ ತನಕ ಯಾರೂ ನಮ್ಮ ಬಾಗಿಲು ಬಡಿದಿಲ್ಲ.

ನನ್ನ ಗಂಡ ಚಿಂಚೋಳಿ ಕಡೆಯವರು. ಸಿಟ್ಟು ಬಂದಾಗ ತೆಲುಗಿನಲ್ಲೂ ಸಮಾಧಾನವಾದಾಗ ಕನ್ನಡದಲ್ಲೂ ಮಾತಾಡುತ್ತಾರೆ. ಹೋದ ವರ್ಷ ಕಾರು ಕೊಂಡರು. ಹಿಂದಕ್ಕೆ ತೆಗೆಯುವಾಗ ಬೀಪ್ ಬೀಪ್ ಎನ್ನುತ್ತದೆ, ಮುಂದೆ ಸಣ್ಣ ಪರದೆಯಲ್ಲಿ ಹಿಂದಿನದೆಲ್ಲ ಕಾಣುತ್ತದೆ. ಕಾರು ಬಂದ ದಿನವೇ ನಾನು ಎಂದಿನಂತೆ ಇಳಿದು ಹಿಂದೆ ಹೋಗಿ ನಿಂತೆ. ಅವರು ಗಾಜು ಇಳಿಸಿ, "ಇದ್ರಾಗ ಕ್ಯಾಮೆರಾ ಅದ, ನೀ ಒಳಗ ಕುಂದ್ರು. ನಿನ್ನ ಸೀರಿ ಅಂಚು ಬಿಟ್ರ ನನಗ ಏನೂ ಕಾಣವಲ್ದು" ಎಂದರು. ನಾನು ಕೂರಲಿಲ್ಲ. ಅವರು ಕಾರನ್ನು ಗೇಟಿನ ಕಂಬಕ್ಕೆ ಉಜ್ಜಿ, ಕಂಬವೇ ವಾರೆ ಇದೆ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಿದ್ದು ನಮ್ಮ ಮನೆಯಲ್ಲಿ ಗಂಡಸರಿಗೂ ಸಲ್ಲುತ್ತದೆ.

ಆ ಬೀಪಿನ ಮೇಲೆ ನನಗೆ ಹಗೆಯೇನಿಲ್ಲ. ಆದರೆ ಅದು ಜೋಪಾನ ಅನ್ನುತ್ತದೆಯೇ ಹೊರತು ಬಾ ಅನ್ನುವುದಿಲ್ಲ. ಹಿಂದೆ ಬರುವವರಿಗೆ ಎರಡೂ ಬೇಕು ಎಂದು ನನಗೆ ಕಲಿಸಿದವರು ಮೈಕ್ ಸಾಯಬಣ್ಣ. ಈ ಚಟಕ್ಕೂ ಅವರೇ ಹೊಣೆ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತರೆ ಮಾತು ಅಡ್ಡದಾರಿ ಹಿಡಿಯುತ್ತಲೇ ಇದೆ. ನೀವು ಸ್ವಲ್ಪ ಹೊಂದಿಕೊಳ್ಳಬೇಕು.

ಸಾಯಬಣ್ಣ ಯಾರೆಂದು ಹೇಳಬೇಕಾದರೆ ಮೊದಲು ಶರ್ಯತ್ತಿನ ವಿಷಯ ಹೇಳಬೇಕು. ನಮ್ಮ ಕಡೆ ತೊಗರಿ ರಾಶಿ ಮುಗಿದು ಹೊಲ ಬಯಲಾದ ಮೇಲೆ ಟ್ರ್ಯಾಕ್ಟರ್ ಶರ್ಯತ್ತು ನಡೆಯುತ್ತದೆ. ಮುಂದೆ ಓಡಿಸುವುದಲ್ಲ. ಟ್ರೇಲರ್ ಕಟ್ಟಿಕೊಂಡು ಹಿಂದೆ ಓಡಿಸುವುದು. ಕಾಗಿಣಾ ಹೊಳೆಯ ದಂಡೆಯ ದೊಡ್ಡ ಬಯಲಿನಲ್ಲಿ ಸುಣ್ಣದ ಪುಡಿಯಿಂದ ನಾಲ್ಕು ದಾರಿ ಬರೆದಿರುತ್ತಾರೆ, ತುದಿಗೆ ಅಡ್ಡಲಾಗಿ ಒಂದು ಗೆರೆ. ನಾಲ್ಕು ಗಾಡಿ ಒಮ್ಮೆಗೇ ಬಿಡುತ್ತಾರೆ. ತನ್ನ ದಾರಿ ಬಿಡದೆ ಯಾರ ಟ್ರೇಲರ್ ಮೊದಲು ಗೆರೆ ದಾಟುತ್ತದೋ ಅವನು ಗೆದ್ದ. ಕೇಳಲು ಸುಲಭ. ಆದರೆ ಟ್ರೇಲರ್ ಎಂಬುದು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುವ ಹಟಮಾರಿ ಮಗುವಿದ್ದಂತೆ. ಅದು ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಸ್ವಲ್ಪ ಹೆಚ್ಚಾಯಿತೋ, ಮಡಚಿಕೊಂಡು ಇಂಜನ್ನಿನ ಮಗ್ಗುಲಿಗೆ ಬಂದು ನಿಲ್ಲುತ್ತದೆ. ಆಗ ಗಾಡಿ ಮುಂದೆ ತಂದು, ನೆಟ್ಟಗೆ ಮಾಡಿ, ಮತ್ತೆ ಹಿಂದೆ ಬಿಡಬೇಕು. ಸೇಡಂ, ಕಾಳಗಿ, ವಾಡಿ, ಶಹಾಬಾದ್ ಕಡೆಯಿಂದ ಹುಡುಗರು ಬರುತ್ತಿದ್ದರು. ಕೊರಳು ಹಿಂದೆ ತಿರುಗಿಸಿ, ಹಲ್ಲು ಕಚ್ಚಿ, ಕಪ್ಪು ಮಣ್ಣಿನ ಧೂಳೆಬ್ಬಿಸುತ್ತ ಅವರು ಹಿಂದೆ ಹಾರುವುದನ್ನು ನೋಡಲು ಮಂದಿ ಮಂಡಕ್ಕಿ ಸೂಸಲ ಕಟ್ಟಿಕೊಂಡು ಬರುತ್ತಿದ್ದರು.

ಅಲ್ಲಿ ಪ್ರತಿ ವರ್ಷವೂ ತಪ್ಪದೆ ಕಡೆಗೆ ಬರುತ್ತಿದ್ದವರು ನಮ್ಮಪ್ಪ, ಆಡಕಿ ಊರಿನ ಹಣಮಂತರಾಯ.

ಅಪ್ಪ ಹೊಲದ ಕೆಲಸ ಇಲ್ಲದಾಗ ಟ್ರ್ಯಾಕ್ಟರಿನಲ್ಲಿ ಶಹಾಬಾದಿನಿಂದ ಫರ್ಸಿ ಕಲ್ಲು ತರುತ್ತಿದ್ದರು. ನಮ್ಮ ಕಡೆ ನೆಲಕ್ಕೆ, ಕಟ್ಟೆಗೆ, ಬಚ್ಚಲಿಗೆ ಎಲ್ಲದಕ್ಕೂ ಹಾಸುವುದು ಅದೇ ಕಲ್ಲು. ಫರ್ಸಿಯನ್ನು ಮಲಗಿಸಿ ಹೇರುವುದಿಲ್ಲ, ನಡುವೆ ಹುಲ್ಲು ತುರುಕಿ ನಿಲ್ಲಿಸಿ ಹೇರುತ್ತಾರೆ. ಒಂದು ಜರ್ಕು ಹೊಡೆದರೆ ಲಟಕ್ಕನೆ ಬಿರುಕು. ವರ್ಷಾನುಗಟ್ಟಲೆ ಅಂಥ ಹೇರು ಹೊತ್ತು ಓಡಿಸಿದ ಅಪ್ಪನಿಗೆ ಖಾಲಿ ಟ್ರೇಲರನ್ನು ಖಾಲಿ ಎಂದು ನಂಬುವುದೇ ಆಗುತ್ತಿರಲಿಲ್ಲ. ಶರ್ಯತ್ತಿನಲ್ಲೂ ಬೆನ್ನ ಹಿಂದೆ ಯಾರದೋ ಮನೆಯ ನೆಲ ನಿಂತಿದೆ ಎಂಬಂತೆ ನಾಜೂಕಾಗಿ ಬರುತ್ತಿದ್ದರು. ಉಳಿದ ಮೂವರು ಗೆರೆ ದಾಟಿ, ಇಳಿದು, ಬೀಡಿ ಹಚ್ಚಿ, ಅದು ಮುಗಿಯುವ ಹೊತ್ತಿಗೆ ಅಪ್ಪ ಅರ್ಧ ದಾರಿಯಲ್ಲಿರುತ್ತಿದ್ದರು.

"ಯಾಕರೆ ಹೋಗ್ತೀರಿ ಅಲ್ಲಿ? ಮಂದಿ ನಗ್ತಾರ" ಎಂದು ಅವ್ವ ಪ್ರತಿ ವರ್ಷ ಕೇಳುತ್ತಿದ್ದಳು. "ಮುಂದ ಹೋಗೂದು ದಿನಾ ಇದ್ದದ್ದೇ ಅದ. ವರ್ಷಕ್ಕ ಒಮ್ಮಿ ಹಿಂದ ಹೋದ್ರ ಏನಾಗ್ತದ?" ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು. ಇಬ್ಬರಿಗೂ ಇದು ಬಾಯಿಪಾಠವಾಗಿತ್ತು.

ನನಗೆ ಮಾತ್ರ ನಾಚಿಕೆ. ಶಾಲೆಯಲ್ಲಿ ನನಗೆ ಹಿಂದಿನ ಗಾಡಿ ಎಂದು ಹೆಸರಿಟ್ಟಿದ್ದರು. ಪ್ರಾರ್ಥನೆಗೆ ಓಡಿ ಬಂದು ಮೊದಲು ನಿಂತರೂ ಹಿಂದಿನ ಗಾಡಿ ಬಂತೇನೇ ಎನ್ನುವವರು. ನಾನು ಓದಿನಲ್ಲಿ ಮುಂದೆ ಬಂದದ್ದಕ್ಕೆ ಬುದ್ಧಿ ಕಾರಣವಲ್ಲ, ಆ ಹೆಸರು ಕಾರಣ. ನನ್ನ ಅಂಕಪಟ್ಟಿ ನೋಡಿ ಹೊಗಳಿದವರಿಗೆಲ್ಲ ಅಪ್ಪನ ಗಾಡಿಯ ಕಡೆ ಬೆರಳು ತೋರಿಸಬೇಕಿತ್ತು.

ಈ ನಾಚಿಕೆಯನ್ನು ಸಾಯಬಣ್ಣ ನನ್ನಿಂದ ಕಿತ್ತುಕೊಂಡರು. ಹೇಗೆ ಎಂದು ಹೇಳುತ್ತೇನೆ.

ಅವರು ಶರ್ಯತ್ತಿಗೆ ಮೈಕ್ ಹಿಡಿಯುತ್ತಿದ್ದರು. ಒಣಕಲು ಮೈ, ತೋಳು ಪೂರಾ ಮುಚ್ಚುವ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ದವಡೆಯಲ್ಲಿ ಸದಾ ಒಂದು ಹರಳು ಕಲ್ಲುಸಕ್ಕರೆ. ಮೈಕಿನ ತಲೆಗೆ ಹಳದಿ ಕರವಸ್ತ್ರ ಕಟ್ಟುತ್ತಿದ್ದರು, ಉಗುಳು ಸಿಡಿದು ಮೈಕ್ ಕೆಡಬಾರದೆಂದು. ಜಾಲಿ ಗಿಡಕ್ಕೆ ಭೋಂಗಾ, ಅಂದರೆ ಧ್ವನಿವರ್ಧಕ, ಕಟ್ಟಿರುತ್ತಿತ್ತು. ಉಳಿದ ದಿನ ಆಟೊದಲ್ಲಿ ಕೂತು ಊರೂರು ಸಾರುವುದು ಅವರ ಕೆಲಸ. ನಾಳೆ ನಳ ಬರುವುದಿಲ್ಲ, ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿರಿ, ಇಂಥವರ ಎಮ್ಮೆ ಕಳೆದಿದೆ, ಬಲಗೊಂಬು ಮುರಿದಿದೆ. ಸಾಯಬಣ್ಣ ಕೂಗಿದರೆ ತಾನು ಕಳೆದುಹೋಗಿದ್ದೇನೆ ಎಂದು ಎಮ್ಮೆಗೂ ಗೊತ್ತಾಗುತ್ತದೆ ಎಂದು ನಮ್ಮಲ್ಲಿ ಅನ್ನುತ್ತಿದ್ದರು. ವಾಡಿ ಜಂಕ್ಷನ್ನಿನ ಮಂದಿಯಂತೂ, ನಮ್ಮ ಸ್ಟೇಷನ್ನಿಗೆ ಇವರನ್ನು ಕೂರಿಸಿದರೆ ರೈಲೂ ವೇಳೆಗೆ ಬರುತ್ತದೆ ಎಂದು ಆಣೆ ಮಾಡಿ ಹೇಳುತ್ತಿದ್ದರು.

ಮೈಕ್ ಹಿಡಿಯುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಗೆಲ್ಲುವವನ ಬೆನ್ನು ಹತ್ತುತ್ತಾರೆ. ಸಾಯಬಣ್ಣ ಹಾಗಲ್ಲ. ಮೊದಲ ಗಾಡಿ ದಾಟಿದಾಗ ಅವನ ಹೆಸರು, ಅವನ ಊರು, ಅಷ್ಟೇ. ಎರಡನೆಯದಕ್ಕೆ ಸ್ವಲ್ಪ ಹೆಚ್ಚು. ಮೂರನೆಯದಕ್ಕೆ ಇನ್ನೂ ಸ್ವಲ್ಪ. ಆ ಮೂರೂ ದಾಟಿದ ಮೇಲೆ ಗಂಟಲು ಸರಿಮಾಡಿಕೊಂಡು, ಕಲ್ಲುಸಕ್ಕರೆಯನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡು, ಉಳಿದ ಒಂದು ಗಾಡಿಯ ಕಡೆ ತಿರುಗುತ್ತಿದ್ದರು. ಆಮೇಲೆಯೇ ಅವರ ನಿಜವಾದ ಮಾತು ಶುರು.

"ಗೆದ್ದಾಂವಗ ಹಲಗಿ ಬಡಿಯಾವ್ರು ಇದ್ದಾರ, ಹಾರ ಹಾಕಾವ್ರು ಇದ್ದಾರ. ಅವನ್ನ ಅವರಿಗೆ ಬಿಡ್ರಿ. ಈಗ ಇಕಡಿ ನೋಡ್ರಿ. ಆಡಕಿ ಹಣಮಂತರಾಯಣ್ಣ ಬರಾಕತ್ತಾರ. ಟ್ರೇಲರ್ ಖಾಲಿ ಅದ ಅಂತೀರಿ ನೀವು. ಅವರ ಕಣ್ಣಾಗ ಅದರ ತುಂಬ ಫರ್ಸಿ ಅದ. ನಿಮ್ಮನಿ ನೆಲಕ್ಕ ಹಾಸೂ ಫರ್ಸಿ. ಒಡದ್ರ ಯಾರದು ಒಡೀತದ? ನಿಮ್ಮದೇ. ಅದಕ್ಕ ಸುಮ್ಮ ನಿಂದ್ರಿ, ಗದ್ದಲ ಮಾಡಬ್ಯಾಡ್ರಿ. ಅಣ್ಣಾ, ಗಡಬಡ ಇಲ್ಲ. ಬರ್ರಿ, ನಿಂತೀನಿ ನಾ."

ಆ "ಬರ್ರಿ, ನಿಂತೀನಿ ನಾ" ಎನ್ನುವಾಗ ದನಿ ಇಳಿಯುತ್ತಿತ್ತು. ಅಷ್ಟು ದೊಡ್ಡ ಭೋಂಗಾದಿಂದ ಪಕ್ಕದಲ್ಲಿ ಕೂತು ಹೇಳಿದಂತೆ ಕೇಳಿಸುತ್ತಿತ್ತು. ಅಪ್ಪ ಗೆರೆ ದಾಟುವ ತನಕ ಅವರು ಮೈಕ್ ಕೆಳಗಿಡುತ್ತಿರಲಿಲ್ಲ. ಸಂಘಟಕರು ಬಹುಮಾನ ಹಂಚಬೇಕೆಂದು ಅವಸರ ಮಾಡಿದರೆ, "ಹಿಂದಿನ ಗಾಡಿ ಬರೂತನಕ ಮೈಕ್ ಬಂದ್ ಆಗಂಗಿಲ್ಲ" ಎಂದು ಮೈಕಿನಲ್ಲೇ ಹೇಳಿಬಿಡುತ್ತಿದ್ದರು.

ಎರಡು ಮೂರು ವರ್ಷದಲ್ಲಿ ಏನಾಯಿತೆಂದರೆ, ಮಂದಿ ಗೆಲ್ಲುವವನನ್ನು ಬಿಟ್ಟು ಅಪ್ಪನಿಗಾಗಿ ಕಾಯತೊಡಗಿದರು. ಅಪ್ಪನ ಗಾಡಿ ಗೆರೆ ದಾಟಿದಾಗ ಬೀಳುತ್ತಿದ್ದ ಶಿಳ್ಳೆ ಮೊದಲಿನವನಿಗೂ ಬೀಳುತ್ತಿರಲಿಲ್ಲ. ಕಾಳಗಿ ಸಂತೆಯಲ್ಲಿ ಬದನೆಕಾಯಿ ಮಾರುವಾಕೆ ನನ್ನನ್ನು ಗುರುತು ಹಿಡಿದು, "ನೀ ಆ ಫರ್ಸಿ ಗಾಡಿ ಹಣಮಂತರಾಯರ ಮಗಳಲ್ಲ?" ಎಂದು ಕೊಸರು ಎರಡು ಕಾಯಿ ಹಾಕಿದಳು. ಗೆದ್ದವನ ಮಗಳಿಗೆ ಹಾಕಿದ್ದಳೋ ಇಲ್ಲವೋ ಗೊತ್ತಿಲ್ಲ. ನಾನು ಆ ಬದನೆಕಾಯಿ ಹಿಡಿದುಕೊಂಡು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು, ತಲೆ ಎತ್ತಿ ಕೂತು ಬಂದದ್ದು ನೆನಪಿದೆ. ಅವತ್ತಿನಿಂದ ಶಾಲೆಯಲ್ಲಿ ಯಾರಾದರೂ ಹಿಂದಿನ ಗಾಡಿ ಎಂದರೆ, "ಹೌದು, ಏನೀಗ?" ಎನ್ನುವ ಧೈರ್ಯ ಬಂತು. ಹಾಗೆ ಎಂದ ಮೇಲೆ ಯಾರೂ ಅನ್ನಲಿಲ್ಲ. ಅದರಲ್ಲಿ ಮಜಾ ಉಳಿಯಲಿಲ್ಲ ಅನಿಸುತ್ತದೆ.

ಈ ರೀತಿ ಎಲ್ಲಿಂದ ಕಲಿತರು ಎಂದು ಒಮ್ಮೆ ನಾನು ಕೇಳಿದ್ದೆ. ಆಗ ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವ್ವ ಕರಿದ ಮಿರ್ಚಿ ಭಜಿ ತಿನ್ನುತ್ತಿದ್ದರು. ಕಲ್ಲುಸಕ್ಕರೆಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು, ಭಜಿ ಮುಗಿದ ಮೇಲೆ ಮತ್ತೆ ಬಾಯಿಗೆ ಹೋಗಲೆಂದು. ಅವರದು ಹೊಳೆದಂಡೆಯ ಮನೆತನ. ಸೇತುವೆ ಆಗುವ ಮೊದಲು ಅವರಪ್ಪ ಕಾಗಿಣಾದಲ್ಲಿ ಹರಿಗೋಲು ಹಾಕುತ್ತಿದ್ದರಂತೆ.

"ಹೊಳಿ ಅಕಡಿ ದಂಡಿಗಿ ಒಬ್ಬ ಉಳದ್ರೂ ನಮ್ಮಪ್ಪ ಹರಗೋಲ ಕಟ್ಟತಿರಲಿಲ್ಲ, ತಂಗಿ. ನೀರ ಏರಲಿ, ಮಳಿ ಬರಲಿ. ನನ್ನ ಬಂಡಿಗಲ್ಲಿನ ಮ್ಯಾಲ ನಿಂದ್ರಸಿ ಕೂಗು ಅಂತಿದ್ದ. ಬರ್ರಿ, ನಿಂತೀವಿ ಅಂತ ನಾ ಕೂಗತಿದ್ದೆ. ಯಾಕಪ್ಪಾ, ಹರಗೋಲ ಹೆಂಗೂ ಹೋಗ್ತದಲ್ಲ, ಕೂಗೂದ್ಯಾಕ ಅಂತ ಕೇಳಿದ್ರ, ಹರಗೋಲ ಮುಟ್ಟಾಕ ಹೊತ್ತು ಹಿಡೀತದೋ, ದನಿ ಮೊದಲ ಮುಟ್ತದ, ಅಂತಿದ್ದ."

ಇಷ್ಟು ಹೇಳಿ ಇನ್ನೊಂದು ಭಜಿ ತೆಗೆದುಕೊಂಡರು.

ಅವರು ನಮ್ಮ ಮನೆಗೆ ಬರತೊಡಗಿದ್ದಕ್ಕೂ ಒಂದು ಕಾರಣವಿತ್ತು. ಆ ಕಾರಣ ಆಡಕಿಯಲ್ಲಿ ಇವತ್ತಿಗೂ ಹೇಳಿ ಹೇಳಿ ನಗುವ ಸಂಗತಿ.

ನಾನು ಡಿಗ್ರಿಗೆ ಸೇರಿದ ವರ್ಷ. ಶರ್ಯತ್ತಿನ ಬಯಲಿಗೆ ನಾನೂ ಅವ್ವನೂ ಹೋಗಿದ್ದೆವು. ಗಾಡಿ ಬಿಟ್ಟರು. ಎಂದಿನಂತೆ ಮೂರು ಗಾಡಿ ಹಿಂದೆ ಹಾರಿದವು, ಅಪ್ಪನದು ತೆವಳಿತು. ನಡುದಾರಿಯಲ್ಲಿ ಶಹಾಬಾದಿನವನ ಟ್ರೇಲರ್ ಮಡಚಿಕೊಂಡಿತು. ಅದರ ಧೂಳಿನಲ್ಲಿ ಕಣ್ಣು ಕಾಣದೆ ಸೇಡಮಿನವನದೂ ಮಡಚಿಕೊಂಡಿತು. ಕಾಳಗಿಯ ಹುಡುಗ, ಹಿಂದಿನ ವರ್ಷ ಗೆದ್ದವನು, ಅವಸರದಲ್ಲಿ ಸ್ಟೇರಿಂಗ್ ಎಳೆದು ಎಲ್ಲರಿಗಿಂತ ಕೆಟ್ಟದಾಗಿ ಸಿಕ್ಕಿಕೊಂಡ. ಮೂವರೂ ಗಾಡಿ ಮುಂದೆ ತಂದು ನೆಟ್ಟಗೆ ಮಾಡಿಕೊಳ್ಳುತ್ತಿರುವಾಗ ಅಪ್ಪ, ಬೆನ್ನ ಮೇಲೆ ಇಲ್ಲದ ಫರ್ಸಿ ಹೊತ್ತುಕೊಂಡು, ಅವರ ನಡುವಿನಿಂದ ನೆಟ್ಟಗೆ ಬರುತ್ತಲೇ ಇದ್ದರು.  ಬಯಲಿನಲ್ಲಿ ಎದ್ದ ಗದ್ದಲಕ್ಕೆ ಜಾಲಿ ಗಿಡದ ಹಕ್ಕಿಗಳೆಲ್ಲ ಹಾರಿದವು. ಅವ್ವ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ನನ್ನ ಬಳೆ ಒಡೆಯಿತು.

ಅಪ್ಪನ ಟ್ರೇಲರಿಗೂ ಗೆರೆಗೂ ಒಂದು ಮಾರು ಉಳಿದಿತ್ತು. ಸಾಯಬಣ್ಣನಿಗೆ ಖುಷಿ ತಡೆಯಲಾಗಲಿಲ್ಲ. ಅಣ್ಣ ದಾಟಿದಂತೆಯೇ ಎಂದುಕೊಂಡು, ಒಂದು ಉಸಿರು ಮೊದಲೇ ಕಣ್ಣನ್ನು ಅವರಿಂದ ಕಿತ್ತು, ತಮ್ಮ ಪದ್ಧತಿಯಂತೆ ಎಲ್ಲರಿಗಿಂತ ಹಿಂದೆ ಉಳಿದಿದ್ದ ಕಾಳಗಿಯ ಹುಡುಗನ ಕಡೆ ತಿರುಗಿದರು. "ಕಾಳಗಿ ತಮ್ಮಾ, ಗಡಬಡ ಇಲ್ಲ. ಬರ್ರಿ, ನಿಂತೀನಿ ನಾ" ಎಂದರು.

ಇನ್ನು ಅಪ್ಪನ ಲೆಕ್ಕ ಕೇಳಿ. ಹಿಂದೆ ಬರುವವನಿಗೆ ಗೆರೆ ಕಾಣುವುದಿಲ್ಲ, ಟ್ರೇಲರ್ ಅಡ್ಡ ಇರುತ್ತದೆ. ಅಪ್ಪ ಇಷ್ಟು ವರ್ಷ ಸಾಯಬಣ್ಣನ ದನಿಯ ಮೇಲೆಯೇ ಬರುತ್ತಿದ್ದವರು. ಉಳಿದವರೆಲ್ಲ ದಾಟಿದ ಮೇಲೆಯೇ ಸಾಯಬಣ್ಣ ಹಿಂದಿನವನನ್ನು ಕರೆಯುವುದು. ಈಗ ಕಾಳಗಿಯವನನ್ನು ಕರೆಯುತ್ತಿದ್ದಾರೆ. ಅಂದರೆ ಅವನು ಹಿಂದಿನವನು. ಅಂದರೆ ಉಳಿದವರೆಲ್ಲ ದಾಟಿಯಾಯಿತು. ಅಂದರೆ ತಾನೂ ದಾಟಿಯಾಯಿತು. ತರ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅಪ್ಪ ಬ್ರೇಕ್ ಹಾಕಿ, ಇಂಜನ್ ಬಂದ್ ಮಾಡಿ, ಕೆಳಗಿಳಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಂದಿ "ಇನ್ನೂ ಹಿಂದ, ಇನ್ನೂ ಹಿಂದ" ಎಂದು ಕೈ ಬೀಸಿ ಚೀರಿದರು. ಅದೂ ಸಂಭ್ರಮವೇ ಇರಬೇಕೆಂದು ಅಪ್ಪ ನಾಲ್ಕೂ ದಿಕ್ಕಿಗೆ ತಿರುಗಿ ಕೈ ಮುಗಿದರು.

ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಸೇಡಮಿನವನು ದಾಟಿದ. ನಮ್ಮ ಹಳೆಯ ಟ್ರ್ಯಾಕ್ಟರಿಗೆ ಸೆಲ್ಫ್ ಹತ್ತುತ್ತಿರಲಿಲ್ಲ, ನಾಲ್ಕು ಮಂದಿ ದಬ್ಬಬೇಕು. ದಬ್ಬುವವರು ಬರುವಷ್ಟರಲ್ಲಿ ಶಹಾಬಾದಿನವನೂ ಕಾಳಗಿಯವನೂ ದಾಟಿದರು. ಇಂಜನ್ ಗುಡುಗುಟ್ಟಿ ಎದ್ದಾಗ ಬಯಲಿನಲ್ಲಿ ಉಳಿದದ್ದು ಒಂದೇ ಗಾಡಿ.

 ಭೋಂಗಾ ಒಡೆದ ದನಿಯಲ್ಲಿ, "ಆಡಕಿ ಹಣಮಂತರಾಯಣ್ಣ. ಬರ್ರಿ, ನಿಂತೀನಿ" ಎಂದಿತು.

ಗೆರೆ ದಾಟಿದ ಮೇಲೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅಪ್ಪನೇ. ನಗದೆ ಇದ್ದವರು ಸಾಯಬಣ್ಣ ಒಬ್ಬರು. ಮರುದಿನ ಬೆಳಿಗ್ಗೆ ಸೇಡಂ ಬಸ್ಸಿಳಿದು, ಅಲ್ಲಿಂದ ಆಡಕಿಗೆ ಬಂದು, ನಮ್ಮ ಅಂಗಳದಲ್ಲಿ ತಲೆ ಬಗ್ಗಿಸಿ ನಿಂತರು.

"ಅಣ್ಣಾ, ನಿಮ್ಮ ಗೆರಿ ನಾ ತಿಂದೆ. ನೀವು ದಾಟೂ ಮೊದಲ ಕಣ್ಣ ತೆಗದೆ."

"ಏ, ಕುಂದ್ರಪಾ. ನಾ ಗೆದ್ದಿದ್ರ ಮುಂದಿನ ವರ್ಷ ನನಗ ಯಾರು ಕರೀತಿದ್ರು?" ಎಂದರು ಅಪ್ಪ.

ಅಪ್ಪನಿಗೆ ಅದು ತಮಾಷೆಯ ಮಾತು. ಸಾಯಬಣ್ಣ ಮಾತ್ರ ಅವ್ವನ ಕಡೆ ತಿರುಗಿ, "ವೈನಿ, ಇವರನ್ನ ಗೆರಿ ದಾಟಸೂದು ನನ್ನ ಮ್ಯಾಲ ಬಾಕಿ ಅದ" ಎಂದರು. ಅವ್ವ ಮಿರ್ಚಿ ಭಜಿ ಕರಿಯಲು ಒಳಗೆ ಹೋದಳು. ಹಾಗೆ ಶುರುವಾದ ಸ್ನೇಹ ಅದು.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈ ಕಾಲು ಬಿದ್ದವು, ಮಾತು ತೊದಲಿತು. ಮದ್ದು ನಡೆಯಿತು, ಬದುಕಿಕೊಂಡರು. ಡಾಕ್ಟರು, ಕಾಲಿಗೆ ಜೀವ ಬಂದಿದೆ, ಈಗ ನಡೆದರೆ ನಡೆದಂತೆ, ಬಿಟ್ಟರೆ ಬಿಟ್ಟಂತೆ, ಎಂದು ಹೇಳಿ ಕಳಿಸಿದರು. ಅಪ್ಪ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಸಾವಿರ ಮಂದಿಯ ಮುಂದೆ ಕಡೆಗೆ ಬಂದು ನಗುತ್ತಿದ್ದ ಮನುಷ್ಯನಿಗೆ ಈಗ ಸ್ವಂತ ಅಂಗಳದಲ್ಲಿ ಕಾಲು ಎಳೆದುಕೊಂಡು ನಡೆಯಲು ನಾಚಿಕೆ. ಅವ್ವ ಅತ್ತು ಹೇಳಿದಳು. ನನ್ನ ತಮ್ಮ ಅವರ ತೋಳು ಹಿಡಿದು ಎಬ್ಬಿಸಿ ನೋಡಿದ. ನಾನು ಕಾಲೇಜಿನಲ್ಲಿ ಹುಡುಗರಿಗೆ ಬೈದಂತೆ ಬೈದೆ, ಇಚ್ಛಾಶಕ್ತಿಯ ಮೇಲೆ ಒಂದು ಉಪನ್ಯಾಸವನ್ನೂ ಕೊಟ್ಟೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಅಪ್ಪ ಗೊರಕೆ ಹೊಡೆಯುತ್ತಿದ್ದರು. ನನ್ನ ತರಗತಿಯ ಅನುಭವವೂ ಹೀಗೇ ಇರುವುದರಿಂದ ಬೇಸರವಾಗಲಿಲ್ಲ. ಆದರೆ ಭಯವಾಯಿತು. ದಿನ ಕಳೆದಂತೆ ಆ ಕಾಲು ಹಾಗೇ ಗಟ್ಟಿಯಾಗಿಬಿಡುತ್ತದೆ, ಅಪ್ಪ ಇನ್ನು ಏಳುವುದೇ ಇಲ್ಲ ಎಂದು ನಮಗೆಲ್ಲ ಅನಿಸತೊಡಗಿತ್ತು.

ಒಂದು ಭಾನುವಾರ ಸಾಯಬಣ್ಣ ಬಂದರು. ಅಪ್ಪನ ಹತ್ತಿರ ಹೋಗಿ ಮಾತಾಡಿಸಲಿಲ್ಲ. ಅವ್ವನ ರಂಗೋಲಿ ಡಬ್ಬಿ ಕೇಳಿ ಇಸಿದುಕೊಂಡು, ಅಂಗಳದ ಆಚೆ ತುದಿಯ ಬೇವಿನ ಗಿಡದ ಹತ್ತಿರ ಅಡ್ಡಲಾಗಿ ಒಂದು ಗೆರೆ ಎಳೆದರು. ಗೆರೆಯ ಆಚೆ ಬಕೀಟು ಬೋರಲು ಹಾಕಿಕೊಂಡು ಕೂತರು. ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡರು. ಬಾಗಿಲು ತೆರೆದಿತ್ತು. ಒಳಗೆ ಹೊರಸು ಕಾಣುತ್ತಿತ್ತು.

"ಆಡಕಿ ಹಣಮಂತರಾಯಣ್ಣ," ಎಂದರು. ಮೈಕ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಬರ್ರಿ, ನಿಂತೀನಿ ನಾ."

ಅಪ್ಪ ಅಲುಗಲಿಲ್ಲ. ಸಾಯಬಣ್ಣ ಊಟಕ್ಕೂ ಏಳಲಿಲ್ಲ. ಅವ್ವ ಅಲ್ಲಿಗೇ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಸಂಜೆಯ ಬಸ್ಸಿನ ಹೊತ್ತಾಗುವ ತನಕ ಆಗಾಗ ಅದನ್ನೇ ಕರೆಯುತ್ತ ಕೂತಿದ್ದು ಹೋದರು. ಮುಂದಿನ ಭಾನುವಾರ ಮತ್ತೆ ಬಂದರು. ಮತ್ತೆ ಗೆರೆ, ಮತ್ತೆ ಬಕೀಟು. ಅವತ್ತು ಹೊತ್ತು ಇಳಿಯುವಾಗ ಒಳಗಿನಿಂದ ಅಪ್ಪನ ತೊದಲು ದನಿ ಬಂತು.

"ಹೋಗಪಾ ಸಾಯಬಣ್ಣ. ಬಸ್ ತಪ್ತದ."

"ತಪ್ಪಲಿ ಬಿಡ್ರಿ. ಮೈಕ್ ಬಂದ್ ಮಾಡಿಲ್ಲ ನಾ."

"ನನಗ ಆಗಂಗಿಲ್ಲೋ."

"ಜಲ್ದಿ ಬರ್ರಿ ಅಂತ ನಾ ಯಾವತ್ತರೆ ಅಂದೀನೇನು?"

ಸ್ವಲ್ಪ ಹೊತ್ತಿನ ಮೇಲೆ ಹೊರಸು ಕಿರುಗುಟ್ಟಿತು. ತಮ್ಮ ಓಡಿ ಹೋಗಿ ಹಿಡಿಯಲು ನೋಡಿದ, ಅವ್ವ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಅಪ್ಪ ಗೋಡೆ ಹಿಡಿದು ಎದ್ದರು. ಬಾಗಿಲ ಚೌಕಟ್ಟು ಹಿಡಿದರು. ಕೋಲು ಊರಿ ಹೊಸ್ತಿಲು ದಾಟಿದರು. ಅಷ್ಟಕ್ಕೇ ಕಾದಿದ್ದವರಂತೆ ಸಾಯಬಣ್ಣ ಗಂಟಲು ಸರಿಮಾಡಿಕೊಂಡರು.

"ನೋಡ್ರಿ ಮಂದಿ, ಆಡಕಿ ಗಾಡಿ ಹೊರಗ ಬಂತು. ಎಡಗಾಲ ಇಂಜನ್ ಅದ, ಬಲಗಾಲ ಟ್ರೇಲರ್ ಅದ. ಇಂಜನ್ ಹೋದಲ್ಲಿ ಟ್ರೇಲರ್ ಬಂದೇ ಬರ್ತದ, ಎಲ್ಲಿಗಿ ಹೋಗ್ತದ ಅದು? ಅಣ್ಣಾ, ಮ್ಯಾಲ ಫರ್ಸಿ ಅದ, ಸಾವಕಾಶ. ಒಂದೂ ಒಡೀಬಾರ್ದು. ಹಾಂ. ಬರ್ರಿ."

ದನಿ ಕೇಳಿ ಪಕ್ಕದ ಮನೆಯವರು ಗೋಡೆಯ ಮೇಲೆ ತಲೆ ಹಾಕಿದರು. ಅಪ್ಪ ಅವರನ್ನು ನೋಡಿ ತಡೆದು ನಿಂತರು. ಈಗ ತಿರುಗಿ ಹೋಗುತ್ತಾರೆ ಎಂದುಕೊಂಡೆ. ಸಾಯಬಣ್ಣ ದನಿ ಇಳಿಸಿ, ಪಕ್ಕದಲ್ಲಿ ಕೂತವರಂತೆ, "ಅವರು ನಿಮಗಾಗೇ ಕಾಯಾಕತ್ತಾರ ಅಣ್ಣಾ. ಯಾವಾಗ್ಲೂ ಕಾದಾರಲ್ಲ" ಎಂದರು. ಅಪ್ಪನ ವಾರೆಯಾದ ತುಟಿಯಲ್ಲಿ ಏನೋ ಅಲುಗಿತು. ಕೋಲು ಮುಂದೆ ಬಂತು.

ಗೆರೆಗೆ ಒಂದು ಹೆಜ್ಜೆ ಇರುವಾಗ ಅಪ್ಪ ನಿಂತರು. ಬೆವರು ಸುರಿಯುತ್ತಿತ್ತು. ಸಾಯಬಣ್ಣನ ಮುಖ ನೋಡಿ, "ದಾಟೀನೇನು?" ಎಂದು ಕೇಳಿದರು.

ಸಾಯಬಣ್ಣ ರೆಪ್ಪೆ ಸಹ ಬಡಿಯಲಿಲ್ಲ. "ಇನ್ನೂ ಇಲ್ರಿ. ಈ ಸಲ ದಾಟಿದ ಮ್ಯಾಲೇ ಹೇಳ್ತೀನಿ."

ಅಪ್ಪ ಎಡಗಾಲು ಇಟ್ಟರು. ಬಲಗಾಲನ್ನು ಎಳೆದುಕೊಂಡರು. ರಂಗೋಲಿಯ ಗೆರೆ ಆ ಪಾದಕ್ಕೆ ಸಿಕ್ಕು ಅಳಿಸಿಹೋಯಿತು.

"ಈಗ ದಾಟಿದ್ರಿ," ಎಂದರು ಸಾಯಬಣ್ಣ. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಆ ಬಕೀಟಿನ ಮೇಲೆಯೇ ಕೂತರು. ಅವತ್ತು ಬಸ್ ತಪ್ಪಿತು. ನಮ್ಮ ಮನೆಯಲ್ಲೇ ಉಳಿದರು. ಅವ್ವ ಶೇಂಗಾ ಹೋಳಿಗೆ ಮಾಡಿದಳು.

ಅಪ್ಪ ಇವತ್ತು ಕೋಲು ಹಿಡಿದು ಹೊಲದ ತನಕ ಹೋಗಿ ಬರುತ್ತಾರೆ. ಊಟ ತಡವಾದರೆ ಅವ್ವನ ಮೇಲೆ ರೇಗುತ್ತಾರೆ. ನಾನು ಊರಿಗೆ ಹೋದರೆ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರುತ್ತಾರೆ. ಅವರು ಹಾಗೆ ನಿಂತಿರುವುದನ್ನು ನೋಡಿದಾಗಲೆಲ್ಲ ನಾನು ಮನಸ್ಸಿನಲ್ಲಿ ಸಾಯಬಣ್ಣ ಕಾಕಾನಿಗೆ ಕೈ ಮುಗಿಯುತ್ತೇನೆ. ಈ ಋಣವನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು.

ಶರ್ಯತ್ತು ಈಗಲೂ ನಡೆಯುತ್ತದೆ. ದೊಡ್ಡ ದೊಡ್ಡ ಸ್ಪೀಕರ್ ಡಬ್ಬಗಳಲ್ಲಿ ಹಾಡು ಹಚ್ಚುತ್ತಾರೆ, ಮೇಲೆ ಡ್ರೋನ್ ಹಾರಿಸಿ ವಿಡಿಯೊ ತೆಗೆಯುತ್ತಾರೆ. ಎಲ್ಲಾ ಚೆನ್ನಾಗಿಯೇ ಇದೆ. ಮೊದಲಿನವನು ದಾಟಿದ ಕೂಡಲೇ ಹಾಡು ಜೋರಾಗುತ್ತದೆ, ಹಿಂದಿನವನು ಯಾವಾಗ ಬಂದ ಎಂದು ಯಾರಿಗೂ ತಿಳಿಯುವುದಿಲ್ಲ. ಕಡೆಯ ಎರಡು ವರ್ಷ ಸಾಯಬಣ್ಣನನ್ನು ಕರೆದಿರಲಿಲ್ಲ. ಅವರು ಹೋಗಿ ಗೆರೆಯ ಹತ್ತಿರ ನಿಂತು, ಹಿಂದೆ ಉಳಿದ ಹುಡುಗನನ್ನು ಮೈಕ್ ಇಲ್ಲದೆಯೇ ಕರೆದು ಬರುತ್ತಿದ್ದರಂತೆ. ಆ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಕೇಳಿದರೆ, "ನಾ ಕರಿಯೂದು ಕರದೀನಿ" ಎಂದು ನಗುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನೂ ಗಂಡನೂ ಆಡಕಿಯಲ್ಲೇ ಇದ್ದೆವು. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ಹೊಳೆದಂಡೆಯ ಅವರ ಹೊಲದಲ್ಲೇ ಮಣ್ಣು ಮಾಡುವುದಿತ್ತು. ಹಿಂದಿನ ದಿನದ ಮಳೆಗೆ ಎರೆಮಣ್ಣು ಮೆತ್ತಗಾಗಿತ್ತು, ಕಾರು ಹೊಲದ ಅಂಚಿನಲ್ಲೇ ಹೂತು ನಿಂತಿತು. ದೂರದಲ್ಲಿ ಮಂದಿ ಕಾಣುತ್ತಿದ್ದರು. ಎಲ್ಲ ಮುಗಿದೇ ಹೋಗಿದೆ ಎಂದುಕೊಂಡೆ. ಅಷ್ಟರಲ್ಲಿ ಅವರ ಅಣ್ಣನ ಮಗ ಅಲ್ಲಿಂದ ಬಿರಬಿರನೆ ಬಂದ.

"ಎಲ್ಲಾರು ಮಣ್ಣ ಕೊಟ್ಟಾರ್ರಿ. ಖರೇ ಕುಣಿ ಮುಚ್ಚಾಕ ಕಾಕು ಬಿಡವಲ್ರು. ಹಿಂದಿನ ಗಾಡಿ ಇನ್ನೂ ಬರೂದದ ಅಂತಾರ. ಎತ್ತಿಕೊಂಡು ಹೋಗ್ತೀವಿ, ಬರ್ರಿ ಮಾಮಾ" ಎಂದ. ಕಾಕು ಎಂದರೆ ಸಾಯಬಣ್ಣನ ಹೆಂಡತಿ, ನಾಗಮ್ಮ.

ಅಪ್ಪ ಬೇಡವೆಂದು ಕೈ ಆಡಿಸಿದರು. "ನಾ ನಡೀತೀನಿ."

ಹೊಲದ ಬದುವಿನ ಮೇಲೆ ಹೊರಟೆವು. ಅಪ್ಪ ಮುಂದೆ, ಒಂದು ಕೈ ಹಿಡಿಯುವಷ್ಟು ಹತ್ತಿರದಲ್ಲಿ ನಾನು. ಕೋಲು ಮಣ್ಣಿನಲ್ಲಿ ಇಳಿಯುತ್ತಿತ್ತು, ಎಳೆದ ಕಾಲಿಗೆ ಕೆಸರು ಮೆತ್ತುತ್ತಿತ್ತು. ಅಷ್ಟು ಮಂದಿ ಸಲಿಕೆ ಹಿಡಿದು, ಟವೆಲ್ಲು ತಲೆಗೆ ಹಾಕಿ ನಮ್ಮ ಕಡೆಯೇ ನೋಡುತ್ತ ನಿಂತಿದ್ದರು.  ಹೊಳೆಯ ಸದ್ದೊಂದೇ ಕೇಳಿಸುತ್ತಿತ್ತು. ನಡುದಾರಿಯಲ್ಲಿ ಅಪ್ಪ ದಣಿದು ನಿಂತರು. ಬರ್ರಿ ಎನ್ನಬೇಕೆಂದು ನಾನು ಬಾಯಿ ತೆರೆದೆ. ಹಾಲಿನ ವ್ಯಾನಿಗೆಲ್ಲ ತಾನಾಗಿ ಹೊರಡುವ ಆ ಮಾತು ಅವತ್ತು ಹೊರಡಲಿಲ್ಲ.

ಆಗ ಕೇಳಿಸಿತು. ಅಪ್ಪ ತಮ್ಮಷ್ಟಕ್ಕೆ ತಾವೇ, ತೊದಲುತ್ತ, ಮೆಲ್ಲಗೆ ಹೇಳುತ್ತಿದ್ದರು.

"ಬರಾಕತ್ತೀನಿ ಸಾಯಬಣ್ಣ. ನಿಂದ್ರು. ಬರಾಕತ್ತೀನಿ."

ಎಷ್ಟೋ ಸಲ ಹೇಳಿಕೊಂಡು ರೂಢಿಯಾದ ಮಾತಿನಂತಿತ್ತು ಅದು. ಆ ಎಲ್ಲ ವರ್ಷ, ಇಂಜನ್ನಿನ ಸದ್ದಿನಲ್ಲಿ ನಮಗೆ ಯಾರಿಗೂ ಕೇಳಿಸದಂತೆ, ಅಪ್ಪ ಟ್ರ್ಯಾಕ್ಟರಿನ ಮೇಲೆ ಕೂತು ಹೀಗೇ ಉತ್ತರ ಕೊಡುತ್ತ ಬಂದಿರಬೇಕು.

ಕುಣಿಯ ಹತ್ತಿರ ಮಂದಿ ದಾರಿ ಬಿಟ್ಟರು. ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಬಲಗೈಗೆ ಎಡಗೈ ಆಸರೆ ಕೊಟ್ಟು ಮಣ್ಣು ತೆಗೆದುಕೊಂಡರು. ನಿಧಾನವಾಗಿ ಬಿಟ್ಟರು. ಆಮೇಲೆ ನಾಗಮ್ಮನ ಕಡೆ ತಿರುಗಿದರು.

"ದಾಟಿದೆ ತಂಗಿ," ಎಂದರು. "ಇನ್ನ ಮೈಕ್ ಬಂದ್ ಮಾಡ್ರಿ."